ಬಾವರ್ಚಿಯ ಭಾನುವಾರ

ಮುಂದೆ ಯಾರದೋ ಮದುವೆಯ ಮೆರವಣಿಗೆ ರಸ್ತೆ ತುಂಬಾ ಹರಡಿಕೊಂಡಿತ್ತು. ಮದುಮಗ ಕುದುರೆಯ ಮೇಲೆ, ಕುದುರೆಯ ಮುಂದೆ ಡಿಜೆ ಗಾಡಿ, ಗಾಡಿಯ ಮುಂದೆ ಕುಣಿಯುವವರು. ಅವರಿಗೇನು, ಕುಣಿಯುತ್ತಲೇ ಇದ್ದರು. ಹಿಂದೆ ಸಿಕ್ಕಿಕೊಂಡಿದ್ದ ಕಾರಿನಲ್ಲಿ ಬಾವರ್ಚಿ ಕುತುಬುದ್ದೀನ್ ಸಾಹೇಬರು ತೊಡೆಯ ಮೇಲೆ ಫೋನು ಇಟ್ಟುಕೊಂಡು ಕೂತಿದ್ದರು. ಅದು ಮತ್ತೆ ಬಡಿದುಕೊಂಡಿತು. ಹರಿಹರದ ಶಾದಿ ಮಹಲಿನಿಂದ ಅತೀಕ್. ತಂಗಿಯ ಮಗ, ಮೀಸೆ ಮೂಡುವ ಮೊದಲೇ ಅವರ ಕೈಕೆಳಗೆ ಅಡುಗೆಗೆ ಸೇರಿದವನು, ಈಗ ಎರಡು ಮಕ್ಕಳ ತಂದೆ.

“ಮಾಮು, ಎಲ್ಲಿದೀರಿ? ನಿಕಾಹ್ ಮುಗೀತು. ಜನ ಊಟಕ್ಕೆ ಕುಂತುಬಿಟ್ಟಾರೆ.”

“ಬಂದೆ.”

“ಕೆಂಡ ಎಲ್ಲಾ ಸರಿಸೀನಿ. ಆದ್ರೂ ಒಳಗ ಬೇಯ್ತಾನೇ ಐತೆ. ನಾನೇ ತೆಗೀಲಾ?”

“ಕೈ ಹಚ್ಚಬ್ಯಾಡ. ಬಂದೆ ಅಂದ್ನಲ್ಲ.”

ಹೀಗೆ ಹೇಳುವಾಗ ಕಾರು ಇನ್ನೂ ದಾವಣಗೆರೆಯ ಊರೊಳಗೇ ಇತ್ತು. ಈ ‘ಬಂದೆ’ ಎನ್ನುವ ಮಾತನ್ನು ಅವರು ಈಚೆಗೆ ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದರೆಂದರೆ, ಅದು ಸುಳ್ಳೋ ನಿಜವೋ ಎಂದು ಯೋಚಿಸುವುದನ್ನೇ ಬಿಟ್ಟಿದ್ದರು. ಸ್ಟೇರಿಂಗ್ ಹಿಡಿದಿದ್ದ ಮಗ ಅರ್ಬಾಜ್ ಹಾರ್ನ್ ಒತ್ತಿದ. ಡಿಜೆಯ ಸದ್ದಿನಲ್ಲಿ ಆ ಹಾರ್ನ್ ಯಾರಿಗೆ ಕೇಳಬೇಕು.

ಬಿರಿಯಾನಿಯ ದೇಗು ಎಂದರೆ ನಾಲ್ಕು ಜನ ಸೇರಿ ಎತ್ತಬೇಕಾದ ದೊಡ್ಡ ತಾಮ್ರದ ಹಂಡೆ. ಅದರೊಳಗೆ ಮಾಂಸದ ಮೇಲೆ ಅರೆಬೆಂದ ಅಕ್ಕಿ ಹರಡಿ, ಮುಚ್ಚಳ ಇಟ್ಟು, ಅಂಚಿಗೆಲ್ಲ ಗೋಧಿಹಿಟ್ಟಿನ ಕಣಕ ಮೆತ್ತಿ, ಮುಚ್ಚಳದ ಮೇಲೂ ಹಂಡೆಯ ಕೆಳಗೂ ಕೆಂಡ ಹರಡಿ ಬಿಡುವುದಕ್ಕೆ ದಮ್ ಕಟ್ಟುವುದು ಎನ್ನುತ್ತಾರೆ. ಕುತುಬುದ್ದೀನರ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಕಣಕ ಮೆತ್ತಿದವನೇ ಅದನ್ನು ಬಿಡಿಸಬೇಕು. ಅವರ ಅಪ್ಪ ಹಾಗೆ ಮಾಡುತ್ತಿದ್ದರು. ದಮ್ ಕಟ್ಟಿದ ಮೇಲೆ ದೇಗಿನ ಪಕ್ಕದಲ್ಲೇ ಒಂದು ಮಣೆ ಹಾಕಿಕೊಂಡು, ಬೀಡಿ ಸೇದುತ್ತಾ, ಹಬೆಯ ವಾಸನೆ ಬದಲಾಗುವುದನ್ನು ಕಾಯುತ್ತಾ ಕೂತಿರುತ್ತಿದ್ದರು. ಆಗ ಒಂದು ದಿನಕ್ಕೆ ಒಂದೇ ಮದುವೆ. ಕಟ್ಟಳೆ ಕಷ್ಟವೇ ಅಲ್ಲ. ಬೇರೆ ಎಲ್ಲಿಗೂ ಹೋಗುವುದಿರಲಿಲ್ಲವಲ್ಲ, ಅವರೇ ತೆಗೆಯುತ್ತಿದ್ದರು.

ಈಗಿನ ಮದುವೆಗಳಿಗೆ ಭಾನುವಾರ ಬಿಟ್ಟರೆ ಬೇರೆ ದಿನ ಕಣ್ಣಿಗೆ ಬೀಳುವುದಿಲ್ಲ. ಈ ಭಾನುವಾರ ಮೂರು. ಬೆಳಗ್ಗೆ ಹರಿಹರದಲ್ಲಿ ಮಕ್ತುಮ್ ಸಾಬರ ಮಗಳದು, ಅಲ್ಲಿ ದಮ್ ಕಟ್ಟಿ ದಾವಣಗೆರೆಗೆ ಓಡಿ ಬಂದು ಕೆ.ಬಿ. ಬಡಾವಣೆಯ ಮದುವೆಯಲ್ಲಿ ಹೊರಡುವ ಮೊದಲೇ ತಾವು ಕಟ್ಟಿಟ್ಟಿದ್ದ ದೇಗುಗಳನ್ನು ತೆರೆಯಬೇಕು, ಮತ್ತೆ ಹರಿಹರಕ್ಕೆ ಹೋಗಿ ಅಲ್ಲಿಯವನ್ನು ತೆರೆಯಬೇಕು, ಸಂಜೆಗೆ ದೇವರಾಜ ಅರಸು ಬಡಾವಣೆಯಲ್ಲಿ ಗಂಡಿನ ಕಡೆಯವರು ಹಾಕುವ ವಲೀಮಾದ ಊಟ. ಕಾಗದದ ಮೇಲೆ ಅರ್ಬಾಜ್ ಹಾಕಿದ ಲೆಕ್ಕ ಸರಿಯಾಗೇ ಇತ್ತು. ಆದರೆ ಕೆ.ಬಿ. ಬಡಾವಣೆಯಲ್ಲಿ ವಿಡಿಯೋದವರು ಅಡ್ಡ ಬಂದರು. ಕುತುಬುದ್ದೀನರು ಬಿಸ್ಮಿಲ್ಲಾ ಎಂದು ಮುಚ್ಚಳ ಎತ್ತಿ, ಹಬೆ ಮೇಲೇರಿ, ಎಲ್ಲ ಮುಗಿದ ಮೇಲೆ ಕ್ಯಾಮೆರಾದವನು, “ಚಾಚಾ, ಲೈಟು ಸರಿ ಬರ್ಲಿಲ್ಲ, ಇನ್ನೊಂದ್ಸಲ ಮುಚ್ಚಿ ತೆಗೀರಿ” ಎಂದ. ಅರ್ಬಾಜ್ ಪಕ್ಕದಲ್ಲಿ ನಿಂತು, “ಒಂದೇ ನಿಮಿಷ ಅಬ್ಬಾ, ಇನ್‌ಸ್ಟಾಗೆ ಹಾಕ್ತಾರೆ, ನಮಗೇ ಒಳ್ಳೇದು” ಎಂದ. ಅವರು ಮುಚ್ಚಿದರು, ತೆಗೆದರು. ವಿಡಿಯೋದವರು ನಗಬೇಕೆಂದರು, ಇವರು ನಕ್ಕರು. ಕೊನೆಗೆ ಹಬೆ ಸಾಲದೆಂದು ಯಾರೋ ಬಿಸಿನೀರು ತಂದರು. ಅಷ್ಟು ಹೊತ್ತೂ ಹರಿಹರದಲ್ಲಿ ನಾಲ್ಕು ದೇಗು ಬಾಯಿ ಕಟ್ಟಿಸಿಕೊಂಡು ಕಾಯುತ್ತಿದ್ದವು.

“ಸಂಜೆ ಮಂಜಣ್ಣಾರ ಹತ್ರ ಹೋಗಾದು ನೆನಪೈತಲ್ಲ?” ಅರ್ಬಾಜ್ ಕೇಳಿದ. ಮೆರವಣಿಗೆ ಒಂದು ಹೆಜ್ಜೆ ಮುಂದೆ ಸರಿದಿತ್ತು.

“ನೆನಪೈತಿ.”

“ಅವ್ರು ನಿಮ್ಮ ಬಾಯಿಂದಾನೇ ಕೇಳ್ಬೇಕಂತೆ. ನಾನು ಹೂಂ ಅಂದ್ರೆ ನಂಬಂಗಿಲ್ಲಂತೆ. ನೀವು ಒಂದು ಮಾತು ಕೊಟ್ಟುಬಿಟ್ರೆ ಬೈಪಾಸಿನ ಹಾಲ್‌ನಾಗೆ ಆಗೋ ಅಷ್ಟೂ ಫಂಕ್ಷನ್ ನಮ್ವೇ.”

ಬೈಪಾಸಿನಲ್ಲಿ ಹೊಸದಾಗಿ ಕಟ್ಟಿದ ಕನ್ವೆನ್ಷನ್ ಹಾಲಿನ ಮಾಲೀಕ ಮಂಜುನಾಥ. ಒಳ್ಳೆಯ ಮನುಷ್ಯ, ಮರ್ಯಾದೆಯಿಂದ ಮಾತಾಡುವವನು. ಆದರೆ ಅವನಿಗೆ ಮಾತು ಕೊಡುವುದೆಂದರೆ ಏನೆಂದು ಕುತುಬುದ್ದೀನರಿಗೆ ಗೊತ್ತಿತ್ತು. ಇನ್ನು ಉಳಿದ ಅಷ್ಟೂ ಭಾನುವಾರಗಳು ಹೋದ ಹಾಗೆಯೇ. ಬರಿಯ ಭಾನುವಾರವೇನು, ಗುರುವಾರ, ಶುಕ್ರವಾರ ಎಲ್ಲವೂ. ಕಣ್ಣಿನಲ್ಲಿ ಹೊಗೆ ತುಂಬಿ ತುಂಬಿ ರೆಪ್ಪೆಯ ಅಂಚು ಕೆಂಪಾಗಿತ್ತು. ಮೊಣಕಾಲು ಬಗ್ಗಿಸಿದರೆ ಏಳುವುದಕ್ಕೆ ಯಾರದಾದರೂ ಭುಜ ಬೇಕಿತ್ತು. ಅರವತ್ತು ದಾಟಿದ ಮೇಲೆ ಮನುಷ್ಯ ಎಷ್ಟು ದಿನ ಓಡಬಲ್ಲ. ಇವತ್ತು ಮುಂಜಾನೆ ಮನೆ ಬಿಡುವಾಗ ಹೆಂಡತಿ ಖತೀಜಾಬೀ ಬಾಗಿಲಿಗೆ ಬಂದು, “ಹೂಂ ಅಂದು ಬರಬ್ಯಾಡ್ರಿ” ಎಂದಷ್ಟೇ ಹೇಳಿದ್ದಳು. ಅವರು “ನೋಡಾಣ” ಎಂದಿದ್ದರು. ಆ ‘ನೋಡಾಣ’ ಕೂಡ ‘ಬಂದೆ’ಯ ತಮ್ಮನೇ.

ಫೋನು ಮತ್ತೆ ಬಂತು. ಈ ಸಲ ಅತೀಕನ ದನಿ ಸಣ್ಣಗಾಗಿತ್ತು. “ಮಾಮು, ವಾಸನೆ ಬರ್ತೈತೆ. ತಳ ಹಿಡಿಯಂಗೈತೆ. ನಿಮ್ಮ ಕಾಲ್ ಹಿಡ್ಕಂತೀನಿ, ತೆಗೀತೀನಿ.”

“ನೀನ್ ಮೆತ್ತಿದ್ದೇನು? ನಾನ್ ಮೆತ್ತಿದ್ದು. ಸುಮ್ಕಿರು.”

ಯಾಕೆ ಹಾಗೆಂದರು? ಕಾರಿನಲ್ಲಿ ಕೂತು ಅನ್ನ ಸೀದುಹೋಗುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿದ್ದರೂ ಬಾಯಿಂದ ‘ತೆಗಿ’ ಎಂಬ ಎರಡಕ್ಷರ ಬರಲಿಲ್ಲ. ಅಪ್ಪನ ಕಟ್ಟಳೆ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಹೆಮ್ಮೆ ಎನ್ನುವುದು ಅದಕ್ಕಿಂತ ಸರಿ. ಕುತುಬುದ್ದೀನ್ ಬಂದು ತೆರೆಯುವ ತನಕ ಇಡೀ ಮದುವೆಮನೆ ಕಾಯುತ್ತದೆ ಎನ್ನುವುದರ ರುಚಿ ಅವರಿಗೆ ಹತ್ತಿತ್ತು, ಅಷ್ಟೇ.

ಹರಿಹರ ಮುಟ್ಟುವ ಹೊತ್ತಿಗೆ ಮಧ್ಯಾಹ್ನದ ಜೋಹರ್ ನಮಾಜು ಮುಗಿಸಿಕೊಂಡವರೂ ಬಂದು ಊಟದ ಸಾಲಿನಲ್ಲಿ ಕೂತಾಗಿತ್ತು. ಮಹಲಿನ ಹಿಂದಿನ ತಗಡಿನ ಚಪ್ಪರದಡಿ ನಾಲ್ಕು ದೇಗು ಸಾಲಾಗಿದ್ದವು. ಅತೀಕ್ ಕೈಯಲ್ಲಿ ಚಾಕು ಹಿಡಿದು ಪಕ್ಕದಲ್ಲಿ ನಿಂತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಹೊಗೆಯದೆಂದು ಅಂದುಕೊಳ್ಳುವುದಕ್ಕೆ ಬೆಂಕಿಯೇ ಉಳಿದಿರಲಿಲ್ಲ. ಕುತುಬುದ್ದೀನರು ಮೊದಲ ದೇಗಿನ ಅಂಚಿಗೆ ಮೂಗು ಹಿಡಿದರು. ತೆರೆಯುವುದೇ ಬೇಡವಾಗಿತ್ತು, ಎಲ್ಲ ಗೊತ್ತಾಯಿತು. ಆದರೂ ಬಿಸ್ಮಿಲ್ಲಾ ಎಂದು ಕಣಕ ಕೊರೆದು ಮುಚ್ಚಳ ಎತ್ತಿದರು. ಉದ್ದುದ್ದ ನಿಂತಿರಬೇಕಾದ ಅಕ್ಕಿ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ತಟ್ಟೆ ಹಾಕಿ ಬದಿಯಿಂದ ಎತ್ತಿದರೆ ಮಾಂಸ ಎಲುಬು ಬಿಟ್ಟು ಅನ್ನದಲ್ಲೇ ಕರಗಿಹೋಗಿತ್ತು. ತಳದಲ್ಲಿ ಕರ್ರಗೆ ಸೀದಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯದನ್ನು ತೆರೆಯುವಾಗ ಅವರು ಮುಖ ಬೇರೆ ಕಡೆ ತಿರುಗಿಸಿಕೊಂಡಿದ್ದರು.

“ಮ್ಯಾಲಿಂದ್ ಮ್ಯಾಲೆ ಬಡಿಸ್ರಿ. ತಳ ಮುಟ್ಟಬ್ಯಾಡ್ರಿ” ಎಂದರು. ಬೇರೆ ಏನು ಹೇಳುವುದಿತ್ತು.

ಬಡಿಸುವವರು ತಟ್ಟೆ ತುಂಬಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಒಳಗಿನ ಗದ್ದಲ ಕಡಿಮೆಯಾಯಿತು. ಊಟ ಚೆನ್ನಾಗಿದ್ದರೂ ಗದ್ದಲ ಕಡಿಮೆಯಾಗುತ್ತದೆ, ಆದರೆ ಆ ಮೌನವೇ ಬೇರೆ. ಕುತುಬುದ್ದೀನರು ಬಾಗಿಲ ಸಂದಿಯಲ್ಲಿ ನಿಂತು ನೋಡಿದರು. ಮದುಮಗಳ ತಂದೆ ಮಕ್ತುಮ್ ಸಾಬರು ಹೊಸ ಶೇರ್ವಾನಿಯಲ್ಲಿ, ಕೈ ಜೋಡಿಸಿಕೊಂಡು, ಸಾಲಿನಿಂದ ಸಾಲಿಗೆ ಹೋಗುತ್ತಿದ್ದರು. ಬೀಗರ ಮುಂದೆ ಬಗ್ಗಿ ಏನೋ ಹೇಳುತ್ತಿದ್ದರು. ಕೇಳಿಸಲಿಲ್ಲ. ಕೇಳಿಸುವ ಅಗತ್ಯವೂ ಇರಲಿಲ್ಲ. ಗಂಡಿನ ಕಡೆಯ ಒಬ್ಬ ಮುದುಕರು ತಟ್ಟೆಯನ್ನು ಹಾಗೇ ಬಿಟ್ಟು ಎದ್ದರು. ಮಕ್ತುಮ್ ಸಾಬರು ಅವರ ಕೈ ಹಿಡಿದು, ಎರಡೂ ಕೈ ಹಿಡಿದು, ಮತ್ತೆ ಕೂರಿಸಿದರು. ತನ್ನ ತಪ್ಪಿಗೆ ಇನ್ನೊಬ್ಬ ಮನುಷ್ಯ ಕೈ ಮುಗಿಯುವುದನ್ನು ನೋಡುವುದಕ್ಕಿಂತ ಅವರೇ ಬಂದು ಎರಡೇಟು ಹೊಡೆದಿದ್ದರೆ ವಾಸಿ ಎನ್ನಿಸಿತು.

ಹಿಂಬದಿಯಲ್ಲಿ ಒಂದು ಕಡೆ ಮಾಂಸ ತಿನ್ನದವರಿಗೆಂದು ಬೇರೆಯೇ ಅಡುಗೆ, ಬೇರೆಯೇ ಮೇಜು ಹಾಕಿದ್ದರು. ಊಟ ಮುಗಿಸಿ ಕೈ ತೊಳೆಯಲು ಬಂದ ಬಕ್ಕೇಶಪ್ಪ ಇವರನ್ನು ನೋಡಿ ನಿಂತ. ಮಲೆಬೆನ್ನೂರು ಕಡೆಯ ರೈತ, ಮಕ್ತುಮ್ ಸಾಬರ ಬತ್ತದ ವ್ಯಾಪಾರದಲ್ಲಿ ಹಳೆಯ ಗೆಳೆಯ.

“ಏನಾತ್ರೀ ಸಾಬ್ರೇ, ಅನ್ನ ಕೈ ಕೊಡ್ತಂತೆ.”

“ನಾನು ಕೈ ಕೊಟ್ಟೆ ಬಕ್ಕೇಶಪ್ಪಾರೆ. ಅನ್ನದ್ದೇನೂ ತಪ್ಪಿಲ್ಲ.”

ಬಕ್ಕೇಶಪ್ಪ ಟವೆಲಿನಿಂದ ಕೈ ಒರೆಸಿಕೊಂಡ. ಬೈಯುವುದಕ್ಕೆ ಬಂದವನಲ್ಲ. “ಪಾಪ, ನಮ್ ಮಕ್ತುಮ್ ಸಾಬ್ರು ನಿಮಗೋಸ್ಕರ ಎರಡು ಸರ್ತಿ ತಾರೀಖು ಮುಂದಕ್ಕ ಹಾಕಿದ್ರು ನೋಡ್ರಿ. ಗಂಡಿನ ಕಡೇರು ಸಿಟ್ಟು ಮಾಡ್ಕಂಡಿದ್ರು. ‘ಅವ್ರ ಕೈಯಾಗೆ ದೇಗು ಇಳಿದ ಮ್ಯಾಲೇ ನನ್ನ ಮಗಳು ಮನೆ ಬಿಡೋದು’ ಅಂತ ಇವ್ರದ್ದು ಒಂದೇ ಹಟ. ನಿಮಗೆ ಹೇಳಿರ್ಬೇಕಲ್ಲ?”

“ಇಲ್ರಿ” ಎಂದರು ಕುತುಬುದ್ದೀನರು. “ನನಗೆ ಯಾರೂ ಹೇಳಿಲ್ಲ.”

ಯಾರು ಹೇಳಬೇಕು? ತಾರೀಖು ಕೇಳುವವರು ಈಗ ಅರ್ಬಾಜನಿಗೆ ಫೋನು ಮಾಡುತ್ತಾರೆ. ಅರ್ಬಾಜ್ ಫೋನಿನಲ್ಲೇ ನೋಡಿ ಖಾಲಿ ಇದ್ದಲ್ಲಿ ತುಂಬುತ್ತಾನೆ. ಮೊದಲು ಹೆಣ್ಣಿನ ತಂದೆಯಂದಿರು ಸಕ್ಕರೆ ಪೊಟ್ಟಣ ಹಿಡಿದುಕೊಂಡು ಮನೆಗೇ ಬಂದು, ಜಗಲಿಯ ಮೇಲೆ ಕೂತು, ಹುಡುಗ ಎಂಥವನು, ಹುಡುಗಿ ಎಷ್ಟು ಓದಿದ್ದಾಳೆ, ಎಲ್ಲ ಹೇಳಿ, ಚಹಾ ಕುಡಿದು ತಾರೀಖು ಕೇಳುತ್ತಿದ್ದರು. ಈ ಮಕ್ತುಮ್ ಸಾಬರ ಮಗಳ ಹೆಸರು ರುಮಾನಾ ಎಂಬುದು ಇವತ್ತು ಬೆಳಗ್ಗೆ ಮಹಲಿನ ಬಾಗಿಲಿಗೆ ಕಟ್ಟಿದ್ದ ಬ್ಯಾನರ್ ಓದಿಯೇ ಇವರಿಗೆ ತಿಳಿದದ್ದು.

ಅಷ್ಟರಲ್ಲಿ ಮಕ್ತುಮ್ ಸಾಬರೇ ಹಿಂದೆ ಬಂದರು. ಮುಖದಲ್ಲಿ ಬೆವರು. ಕುತುಬುದ್ದೀನರು ತಲೆ ತಗ್ಗಿಸಿ ನಿಂತರು.

“ಕುತುಬ್ ಭಾಯಿ, ಊಟ ಆತಾ?” ಎಂದರು ಮಕ್ತುಮ್ ಸಾಬರು.

ಬೈಗುಳಕ್ಕೆ ತಯಾರಾಗಿದ್ದ ಮನುಷ್ಯ ಇದಕ್ಕೆ ತಯಾರಾಗಿರಲಿಲ್ಲ. “ಮನ್ಯಾಗೆ ಮಾಡ್ತೀನಿ” ಎಂಬ ಮಾತು ಎಂದಿನಂತೆ ತಾನಾಗಿಯೇ ಹೊರಬಂತು. ಮದುವೆಮನೆಗಳಲ್ಲಿ ಯಾರು ಕೇಳಿದರೂ ಅವರ ಉತ್ತರ ಅದೇ. ಮನೆಗೆ ಹೋದಾಗ ಖತೀಜಾಬೀ ಕೇಳಿದರೆ, “ಅಲ್ಲೇ ಆತು” ಎನ್ನುತ್ತಿದ್ದರು. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಮುಂಜಾನೆಯಿಂದ ಮಸಾಲೆಯ ಹಬೆ ಕುಡಿದವರಿಗೆ ಹಸಿವೆ ಸತ್ತಿರುತ್ತದೆ. ಎರಡು ಕಪ್ ಚಹಾ, ಒಂದು ಬನ್ನು. ಹೀಗೆ ವರ್ಷಗಳು ಕಳೆದಿದ್ದವು.

“ಆಗೋದೆಲ್ಲ ಆಗ್ಲಿ ಬಿಡ್ರಿ” ಮಕ್ತುಮ್ ಸಾಬರು ಅವರ ತೋಳು ಮುಟ್ಟಿದರು. “ದಣಿದೀರಿ ನೀವು. ಮುಖ ನೋಡಿದ್ರೆ ತಿಳೀತೈತಿ. ಹೋಗಿ ಮಲ್ಕೊಳ್ರಿ.” ಅಷ್ಟು ಹೇಳಿ, ಒಳಗಿನಿಂದ ಯಾರೋ ಕರೆದರೆಂದು ಹೊರಟುಹೋದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇನ್ನೆಂದೂ ಈ ಮನೆಯಿಂದ ಕರೆ ಬರುವುದಿಲ್ಲ ಎಂಬುದೂ ಅದರಲ್ಲೇ ಇತ್ತು.

ಕುತುಬುದ್ದೀನರು ಹೋಗಿ ದೇಗಿನ ಪಕ್ಕದ ಕಲ್ಲಿನ ಮೇಲೆ ಕೂತರು. ನಾಚಿಕೆ ಎನ್ನುವುದು ಇಷ್ಟು ಭಾರವಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ; ಅಥವಾ ಅದು ದಣಿವೇ ಇರಬಹುದು, ಎರಡೂ ಸೇರಿ ಮೈಯೆಲ್ಲ ಒದ್ದೆ ಗೋಣಿಚೀಲದಂತೆ ಆಗಿತ್ತು. ಅರ್ಬಾಜ್ ಕಾರಿನ ಕೀ ಆಡಿಸುತ್ತಾ ಬಂದ. ಅವನ ಕಣ್ಣುಗಳೂ ಕೆಂಪಗಿದ್ದವು. ಅವನೂ ರಾತ್ರಿಯೆಲ್ಲ ಮಾಂಸ, ಕಟ್ಟಿಗೆ, ಗಾಡಿ ಎಂದು ಓಡಾಡಿದವನೇ.

“ಏಳ್ರಿ ಅಬ್ಬಾ. ಅರಸು ಬಡಾವಣೆಯಾಗೆ ಅಕ್ಕಿ ನೆನೆಸ್ಯಾರೆ. ಅಸರ್ ನಮಾಜ್ ಆದ್ಮ್ಯಾಲೆ ದಮ್ ಕಟ್ಟಬೇಕು. ಅದನ್ನ ಕಟ್ಟಿ ಮಂಜಣ್ಣಾರ ಹತ್ರ ಹೋಗಿ ಬಂದುಬಿಡಾಣ, ತೆಗಿಯೋ ಹೊತ್ತಿಗೆ ವಾಪಸ್ ಬರಬೌದು.”

ಕುತುಬುದ್ದೀನರು ಅವನ ಮುಖವನ್ನು ನೋಡಿದರು. ಇಷ್ಟಾದ ಮೇಲೂ ಅದೇ ಲೆಕ್ಕ. ಕಟ್ಟಿ ಹೋಗಿ, ಬಂದು ತೆಗೆಯುವುದು. ಬೈಯಬೇಕೆನ್ನಿಸಿತು. ಆದರೆ ಈ ಲೆಕ್ಕವನ್ನು ಅವನಿಗೆ ಕಲಿಸಿದ್ದು ಯಾರು.

“ಅತೀಕ್, ಬಾ ಇಲ್ಲಿ” ಎಂದರು.

ಅತೀಕ್ ದೇಗಿನ ತಳ ಕೆರೆಯುತ್ತಿದ್ದವನು ಕೈ ಒರೆಸಿಕೊಂಡು ಬಂದ.

“ಸಂಜೀದು ನೀನ್ ಕಟ್ಟು. ನೀನೇ ತೆಗಿ.”

“ನಾನಾ ಮಾಮು?”

“ಕಟ್ಟಿದ್ ಮ್ಯಾಲೆ ಅಲ್ಲೇ ಕುಂದ್ರಬೇಕು. ಎಲ್ಲಿಗೂ ಹೋಗಂಗಿಲ್ಲ. ಯಾರ್ ಕರುದ್ರೂ ಹೋಗಂಗಿಲ್ಲ.”

ಅತೀಕ್ ತಲೆಯಾಡಿಸಿದ. ಖುಷಿಪಡುವ ಹೊತ್ತು ಇದಲ್ಲ ಎಂದು ಅವನಿಗೂ ಗೊತ್ತಿತ್ತು. ಇವತ್ತಿನ ಸೀದ ಅನ್ನದ ಮೇಲೆ ಸಿಕ್ಕ ಕೆಲಸ ಅದು. ಅವನು ಹೋಗಿ ಮತ್ತೆ ತಳ ಕೆರೆಯಲು ಕೂತ.

“ಹಂಗಾದ್ರೆ ಮಂಜಣ್ಣಾರಿಗೆ ಏನ್ ಹೇಳ್ಲಿ?” ಅರ್ಬಾಜನ ದನಿ ಏರಿತು. “ನಿಮ್ಮ ಕೈ ಅಂತ ಒಪ್ಪಿಸೀನಿ ನಾನು. ವರ್ಷಗಟ್ಟಲೆ ನೀವೇ ಹೇಳ್ತಾ ಬಂದ್ರಲ್ಲ, ನಾನಿಲ್ದೆ ದೇಗು ಬಾಯ್ ಬಿಡಂಗಿಲ್ಲ ಅಂತ. ಈಗ ಅತೀಕ್ ಭಾಯಿ ತೆಗೀಲಿ ಅಂದ್ರೆ ಅವ್ರು ಒಪ್ತಾರಾ?”

“ಒಪ್ಪಬ್ಯಾಡ್ರಿ ಅಂತಾನೇ ಹೇಳ್ತೀನಿ. ಫೋನ್ ಹಚ್ಚಿ ಕೊಡು.”

“ಅಬ್ಬಾ...”

“ಹಚ್ಚಿ ಕೊಡು ಮಗನೇ. ನಾನ್ ಹೇಳಬೇಕಾದ್ದು ನಾನೇ ಹೇಳ್ತೀನಿ.”

ಅರ್ಬಾಜ್ ಹಚ್ಚಿ ಕೊಟ್ಟ. ಕುತುಬುದ್ದೀನರು ಸಲಾಂ ಹೇಳಿ, ಕ್ಷೇಮ ಕೇಳಿ, ಸುತ್ತುಬಳಸು ಇಲ್ಲದೆ ಮಾತಿಗೆ ಬಂದರು. “ಮಂಜಣ್ಣ, ನನ್ನ ಕೈಲಿ ಆಗಂಗಿಲ್ಲ. ಇಲ್ಲ, ಬೇರೆ ಏನೂ ಇಲ್ಲ. ದಣಿದೀನಿ ಅಷ್ಟೆ. ಇನ್ನು ಮ್ಯಾಲೆ ದಿನಕ್ಕೊಂದೇ ಮದುವಿ. ಅದೂ ಮನಿಗೆ ಬಂದು ಕೇಳಿದೋರ್ದು. ಹುಡುಗ್ರು ಮಾಡ್ತಾರೆ ಅಂದ್ರೆ ಅವ್ರನ್ನ ಕೇಳ್ರಿ, ಅವ್ರ ಹೆಸರಿನ ಮ್ಯಾಲೆ ಮಾಡ್ಲಿ. ನನ್ನ ಹೆಸರು ಬ್ಯಾಡ.” ಆ ಕಡೆಯಿಂದ ಏನೋ ಬಹಳ ಹೊತ್ತು ಬಂತು. ಇವರು “ಹೂಂ, ಹೂಂ” ಎಂದು ಕೇಳಿಸಿಕೊಂಡು, ಕೊನೆಯಲ್ಲಿ ಮತ್ತೆ “ಆಗಂಗಿಲ್ಲ” ಎಂದು ಫೋನನ್ನು ಮಗನ ಕೈಗಿಟ್ಟರು. ಅರ್ಬಾಜ್ ಕಾರಿನ ಕಡೆಗೆ ನಡೆದ. ಸಿಟ್ಟಾಗಿದ್ದ. ಎರಡು ದಿನ ಮಾತಾಡುವುದಿಲ್ಲವೇನೋ. ಇರಲಿ, ಅವನಿಗೂ ಎರಡು ದಿನ ಮಾತಾಡದೆ ಇರುವುದು ಬೇಕಾಗಿತ್ತು.

ಹೊರಡುವ ಮೊದಲು ಕುತುಬುದ್ದೀನರು ಮಹಲಿನ ಒಳಗೆ ಹೋದರು. ಗಂಡಿನ ಕಡೆಯ ಆ ಮುದುಕರನ್ನು ಹುಡುಕಿ, ಅವರ ಮುಂದೆ ನಿಂತು, “ತಪ್ಪು ಮಕ್ತುಮ್ ಸಾಬರದಲ್ಲ. ನಂದು” ಎಂದರು. ಮುದುಕರಿಗೆ ಇವರು ಯಾರೆಂದೇ ಗೊತ್ತಾಗಲಿಲ್ಲ. ಮಸಿ ಮೆತ್ತಿದ ಅಂಗಿಯನ್ನು ನೋಡಿ ಆಮೇಲೆ ತಿಳಿಯಿತು. “ಹೋಗ್ಲಿ ಬಿಡ್ರಿ” ಎಂದರು ಮನಸ್ಸಿಲ್ಲದ ಮನಸ್ಸಿನಿಂದ.

ಅರಸು ಬಡಾವಣೆಗೆ ಹೋಗಲು ಕಾರು ಅತೀಕನಿಗಿರಲಿ ಎಂದು, ಹರಿಹರದ ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಹೋದರು. ಯಾವ ಬಸ್ಸು ಮೊದಲು ಹೊರಡುತ್ತದೆಂದು ವಿಚಾರಿಸದೆ ಕಣ್ಣಿಗೆ ಬಿದ್ದ ದಾವಣಗೆರೆಯ ಬಸ್ಸನ್ನು ಹತ್ತಿದರು. ಅದು ಸಿಕ್ಕಸಿಕ್ಕಲ್ಲಿ ನಿಲ್ಲುವ ಬಸ್ಸು. ಒಬ್ಬ ಹೆಂಗಸು ಬದನೆಕಾಯಿ ಚೀಲ ಹತ್ತಿಸುವ ತನಕ ನಿಂತಿತು, ಇನ್ನೊಬ್ಬ ಚಹಾ ಮುಗಿಸಿ ಬರುವ ತನಕ ನಿಂತಿತು. ಯಾರೂ ಅವಸರ ಮಾಡಲಿಲ್ಲ. ಕುತುಬುದ್ದೀನರು ಮೊದಲ ಸ್ವಲ್ಪ ದೂರ ಫೋನು ಬಂತೇನೋ ಎಂದು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆಮೇಲೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ದಾವಣಗೆರೆಯಲ್ಲಿ ಕಂಡಕ್ಟರನೇ ಎಬ್ಬಿಸಬೇಕಾಯಿತು.

ಗಲ್ಲಿಯೊಳಗೆ ಬಿಸಿಲು ಇನ್ನೂ ಬಲವಾಗಿತ್ತು. ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ತಟ್ಟಿದರು.

“ಯಾರದು?”

“ನಾನು.”

ಒಳಗೆ ಏನೋ ಬಿದ್ದ ಸದ್ದಾಯಿತು. ಚಿಲಕ ತೆಗೆದ ಖತೀಜಾಬೀ ಅವರ ಮುಖ ನೋಡಿ, ಅವರ ಹಿಂದೆ ಖಾಲಿ ಗಲ್ಲಿಯನ್ನು ನೋಡಿ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅವಳ ತುಟಿ ಬಿಳಿಚಿಕೊಂಡಿತು.

“ಅರ್ಬಾಜ್ ಎಲ್ಲಿ?”

“ಬರ್ತಾನೆ ರಾತ್ರಿಗೆ.”

“ಕಾರಿಗೇನಾತು? ನಿಜ ಹೇಳ್ರಿ. ನನ್ನ ಮಗನಿಗೇನಾತು?”

“ಏನೂ ಆಗಿಲ್ಲ ಖತೀಜಾ. ಅವ್ನು ಆರಾಮ ಅದಾನೆ.”

“ಮತ್ತೆ ನೀವ್ಯಾಕ ಬಂದ್ರಿ?”

ಭಾನುವಾರ ಹಗಲಲ್ಲಿ ಗಂಡ ಮನೆಗೆ ಬಂದನೆಂದರೆ ಯಾರೋ ಸತ್ತಿರಬೇಕು ಅಥವಾ ಸಾಯುತ್ತಿರಬೇಕು. ಬೇರೆ ಕಾರಣ ಅವಳಿಗೆ ಹೊಳೆಯಲಿಲ್ಲ. ಅವರ ಹಣೆ ಮುಟ್ಟಿ ನೋಡಿದಳು, ಎದೆ ಮುಟ್ಟಿ ನೋಡಿದಳು. ಕುತುಬುದ್ದೀನರು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೊರಗಿ ನೆಲದ ಮೇಲೆ ಕೂತರು.

“ಊಟಕ್ಕೆ ಬಂದೀನಿ” ಎಂದರು.

ಅವಳು ಬಾಗಿಲು ಮುಚ್ಚಿ ಅವರ ಕಡೆ ತಿರುಗಿದಳು. “ಮಂಜಣ್ಣಾರಿಗೆ?”

“ಇಲ್ಲ ಅಂದೆ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆ ಒಲೆಯ ಮೇಲೆ ಏನೂ ಇರಲಿಲ್ಲ. ಒಬ್ಬಳಿಗೆಂದು ಭಾನುವಾರ ಅವಳು ಒಲೆ ಹಚ್ಚುತ್ತಿರಲಿಲ್ಲ. ನಿನ್ನೆಯ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದ ತಟ್ಟೆ ಬಚ್ಚಲ ಬಳಿ ಇತ್ತು. ಅಡುಗೆಮನೆಗೆ ಹೋಗಿ ಗ್ಯಾಸು ಹಚ್ಚಿ ನೀರಿಟ್ಟಳು. ಅಕ್ಕಿಯ ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟಳು.

“ಎಷ್ಟು ಹಾಕ್ಲಿ?” ಎಂದು ಒಳಗಿನಿಂದ ಕೇಳಿದಳು. “ನಿಮಗೆ ಎಷ್ಟು ಬೇಕಾಗ್ತೈತಿ?”

ಎಂಟುನೂರು ಜನಕ್ಕೆ ಕಣ್ಣಳತೆಯಲ್ಲೇ ಅಕ್ಕಿ ಸುರಿಸುವ ಮನುಷ್ಯ ಬಹಳ ಹೊತ್ತು ಯೋಚಿಸಿದರು.

“ಗೊತ್ತಿಲ್ಲ” ಎಂದರು.

ಖತೀಜಾಬೀ ಒಂದು ಹಿಡಿ ಹಾಕಿದಳು. ಬಾಗಿಲಿಗೆ ಬಂದು, ಗೋಡೆಗೊರಗಿ ಕೂತಿದ್ದ ಗಂಡನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಮತ್ತೆ ಒಳಗೆ ಹೋಗಿ ಇನ್ನೊಂದು ಹಿಡಿ ಹಾಕಿದಳು.